ಮೊದಲ ಐದು ಕಿಲೋಮೀಟರ್: ನಿಧಾನವನ್ನು ಕಲಿಸುವ ಹತ್ತು ವಾರಗಳ ಒಂದು ಘಟಕ

ಪೀಠಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ನನ್ನ ಮುಂದೆ ಬರುವ ಪಾಠಯೋಜನೆಗಳಲ್ಲಿ ಭಿನ್ನರಾಶಿಗೆ ಹಂತಗಳಿರುತ್ತವೆ, ಸಂಧಿಗೆ ಹಂತಗಳಿರುತ್ತವೆ, ದ್ಯುತಿಸಂಶ್ಲೇಷಣೆಗೂ ಇರುತ್ತವೆ. ಪೂರ್ವಜ್ಞಾನ ಪರೀಕ್ಷೆ, ಸರಳದಿಂದ ಸಂಕೀರ್ಣಕ್ಕೆ ಸಾಗುವ ಕ್ರಮ, ಪ್ರತಿ ಹಂತಕ್ಕೂ ಮೌಲ್ಯಮಾಪನ ಎಲ್ಲವೂ ಅಚ್ಚುಕಟ್ಟಾಗಿರುತ್ತವೆ. ಓಟದ ವಿಷಯ ಬಂದಾಗ ಮಾತ್ರ ಇದೆಲ್ಲ ಮಾಯವಾಗುತ್ತದೆ. “ಮೈದಾನಕ್ಕೆ ಎರಡು ಸುತ್ತು ಓಡಿ ಬನ್ನಿ” ಎಂಬ ಒಂದೇ ಸಾಲಿನಲ್ಲಿ ಪಾಠ ಮುಗಿಯುತ್ತದೆ. ಓಟ ಹುಟ್ಟಿನಿಂದ ಬರುತ್ತದೆ, ಬರುವವರಿಗೆ ಬರುತ್ತದೆ, ಬಾರದವರಿಗೆ ಬರುವುದಿಲ್ಲ ಎಂಬ ನಂಬಿಕೆ ಈ ಒಂದು ಸಾಲಿನ ಹಿಂದಿದೆ. ಎಷ್ಟೋ ಶಾಲೆಗಳಲ್ಲಿ ತಡವಾಗಿ ಬಂದ ಮಕ್ಕಳಿಗೆ ಮೈದಾನದ ಸುತ್ತು ಓಡಿಸುವುದು ಶಿಕ್ಷೆಯೂ ಹೌದು. ಹೀಗೆ ಶಿಕ್ಷೆಯಾಗಿ ಪರಿಚಯವಾದ ವಿಷಯವನ್ನು ಯಾವ ಮಗು ತಾನಾಗಿ ಇಷ್ಟಪಟ್ಟೀತು?

ಓಟವನ್ನೂ ಒಂದು ಪಾಠದಂತೆ ಹಂತಹಂತವಾಗಿ ಕಲಿಸಬಹುದು. ಹಾಗೆ ಕಲಿಸಿದರೆ, ಶಾಲೆ ಬಿಟ್ಟ ಮೇಲೆ ಒಮ್ಮೆಯೂ ಓಡದವರು ಕೂಡ ಸುಮಾರು ಹತ್ತು ವಾರಗಳಲ್ಲಿ 5 ಕಿ.ಮೀ. ರಸ್ತೆ ಓಟವನ್ನು ಮುಗಿಸಬಲ್ಲರು. ಧಾರವಾಡದಲ್ಲಿ ನಮ್ಮ ಬಿ.ಇಡಿ. ಪ್ರಶಿಕ್ಷಣಾರ್ಥಿಗಳೊಂದಿಗೆ ನಡೆಸಿದ ಇಂಥ ಒಂದು ಘಟಕದ ಯೋಜನೆಯನ್ನೂ ಅದರಿಂದ ತರಗತಿಯ ಬೋಧನೆಗೆ ದೊರೆತ ಪಾಠವನ್ನೂ ಇಲ್ಲಿ ವಿವರಿಸುತ್ತೇನೆ. ಆರಂಭಿಕರು ಸೋಲುವುದು ದೂರದಿಂದಲ್ಲ, ವೇಗದಿಂದ. ಆದ್ದರಿಂದ ಈ ಘಟಕದ ಮೊದಲ ಕಲಿಕಾಂಶ ನಿಧಾನ.

ಘಟಕದ ಹಿನ್ನೆಲೆ

ಓಟಗಾರರಲ್ಲದವರಿಗೆ ಓಟ ಕಲಿಸುವ ಕ್ರಮಕ್ಕೆ ಬಹಳ ಹಳೆಯ ಚರಿತ್ರೆಯೇನೂ ಇಲ್ಲ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರರ ಶಿಷ್ಯರು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಮತ್ತು 5000 ಮೀಟರ್ ಓಟಗಳಲ್ಲಿ ಚಿನ್ನ ಗೆದ್ದರು. ಅದೇ ಲಿಡಿಯಾರ್ಡ್ 1960ರ ದಶಕದ ಆರಂಭದಲ್ಲಿ ಆಕ್ಲೆಂಡ್ ನಗರದ ಸಾಮಾನ್ಯ ಜನರನ್ನು, ಅದರಲ್ಲೂ ಮಧ್ಯವಯಸ್ಸು ದಾಟಿದವರನ್ನು ಸೇರಿಸಿ ನಿಧಾನವಾಗಿ ಓಡುವುದನ್ನು ರೂಢಿ ಮಾಡಿಸಿದರು. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ಬೋವರ್ಮನ್ ಅಲ್ಲಿಗೆ ಹೋದಾಗ ಈ ಗುಂಪಿನೊಂದಿಗೆ ಓಡಲು ಹೊರಟರು. ಎಪ್ಪತ್ತು ದಾಟಿದ ಹಿರಿಯರೊಬ್ಬರ ಜೊತೆಗೂ ಸಮನಾಗಿ ಓಡಲಾಗದೆ ಹಿಂದೆ ಬಿದ್ದರು. ಊರಿಗೆ ಮರಳಿದ ಬೋವರ್ಮನ್ ಅದೇ ಕ್ರಮವನ್ನು ತಮ್ಮ ಊರಿನ ಜನರಿಗೆ ಕಲಿಸಿದರು. 1967ರಲ್ಲಿ ಹೃದ್ರೋಗ ತಜ್ಞರೊಬ್ಬರೊಂದಿಗೆ ಸೇರಿ ಜಾಗಿಂಗ್ ಬಗ್ಗೆ ಪುಸ್ತಕ ಬರೆದರು. ದೊಡ್ಡ ಓಟಗಾರರನ್ನು ತಯಾರು ಮಾಡುವ ತರಬೇತುದಾರನಿಗೂ ಆರಂಭಿಕರ ಪಾಠವನ್ನು ಬೇರೆಯಾಗಿಯೇ ಕಲಿಯಬೇಕಾಯಿತು ಎಂಬುದು ಶಿಕ್ಷಕರು ಗಮನಿಸಬೇಕಾದ ಅಂಶ.

1996ರಲ್ಲಿ ಅಮೆರಿಕದ ಜೋಶ್ ಕ್ಲಾರ್ಕ್ ಒಂಬತ್ತು ವಾರಗಳ ಒಂದು ಕಾರ್ಯಕ್ರಮ ರೂಪಿಸಿದರು. ವಾರಕ್ಕೆ ಮೂರು ದಿನ, ದಿನಕ್ಕೆ ಸುಮಾರು ಅರ್ಧ ಗಂಟೆ. ಓಟದ ನಡುವೆ ನಡಿಗೆ, ವಾರ ಕಳೆದಂತೆ ನಡಿಗೆ ಕಡಿಮೆ, ಓಟ ಹೆಚ್ಚು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವುದು ಇದೇ ಕ್ರಮ ಅಥವಾ ಇದರ ರೂಪಾಂತರ. ನಮ್ಮ ಘಟಕಕ್ಕೂ ಇದೇ ಆಧಾರ.

ಹದಿನಾಲ್ಕು ಪ್ರಶಿಕ್ಷಣಾರ್ಥಿಗಳು ಹೆಸರು ಕೊಟ್ಟರು. ಅವರಲ್ಲಿ ಒಂಬತ್ತು ಮಂದಿ ಮಹಿಳೆಯರು. ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಆರೂವರೆಗೆ ಸೇರುತ್ತಿದ್ದೆವು. ಆಮೇಲೆ ಅವರು ಬೋಧನಾಭ್ಯಾಸದ ಶಾಲೆಗಳಿಗೆ ಹೋಗಬೇಕಿತ್ತು. ಧಾರವಾಡದಲ್ಲಿ ಈ ತಿಂಗಳುಗಳು ತಂಪು. ಓಟ ಕಲಿಯಲು ತಕ್ಕ ಕಾಲ. ಇಲ್ಲಿನ ರಸ್ತೆಗಳ ಏರಿಳಿತ ಮಾತ್ರ ಆರಂಭಿಕರಿಗೆ ಕಷ್ಟ. ಅದಕ್ಕಾಗಿ ಮೊದಲ ಮೂರು ವಾರ ಸಮತಟ್ಟಾದ ಮೈದಾನ, ಅಲ್ಲಿಂದ ಮುಂದೆ ರಸ್ತೆ ಎಂದು ನಿಶ್ಚಯಿಸಿದೆವು.

ಪೂರ್ವಜ್ಞಾನ ಮತ್ತು ಆರೋಗ್ಯ ವಿಚಾರಣೆ

ಪೂರ್ವಜ್ಞಾನ ಪರೀಕ್ಷೆಗೆ ಎರಡು ಪ್ರಶ್ನೆಗಳನ್ನು ಕೇಳಿದೆ. ಕೊನೆಯ ಬಾರಿಗೆ ಓಡಿದ್ದು ಯಾವಾಗ? ಆಗ ಏನಾಯಿತು? ಒಬ್ಬ ಪ್ರಶಿಕ್ಷಣಾರ್ಥಿ, ಐದು ವರ್ಷದ ಮಗುವಿನ ತಾಯಿ, ಹೇಳಿದ್ದು ಹೀಗೆ: “ಏಳನೇ ಇಯತ್ತೆ ಆದ ಮ್ಯಾಲ ನಾ ಓಡೇ ಇಲ್ಲ ಸರ. ಕಡೀಕ ಬಂದೆ ಅಂತ ಎಲ್ಲಾರೂ ನಕ್ಕಿದ್ರು.” ಹೆಚ್ಚಿನವರ ಉತ್ತರದಲ್ಲಿ ಇದೇ ಧಾಟಿ ಇತ್ತು. ಅವರಿಗೆ ನೆನಪಿದ್ದದ್ದು ಓಟವಲ್ಲ, ಕೊನೆಯ ಸ್ಥಾನ. ಕಲಿಯುವವರು ಖಾಲಿ ಪಾಟಿಯಾಗಿ ಬರುವುದಿಲ್ಲ, ಹಳೆಯ ಅಕ್ಷರಗಳನ್ನು ಹೊತ್ತೇ ಬರುತ್ತಾರೆ ಎಂದು ನಾವು ತರಗತಿಯಲ್ಲಿ ಹೇಳುವ ಮಾತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ನಂತರ ಆರೋಗ್ಯ ವಿಚಾರಣೆ. ಎದೆನೋವು, ತಲೆಸುತ್ತು, ಹೃದಯದ ತೊಂದರೆ, ಉಬ್ಬಸ, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಗರ್ಭಧಾರಣೆ, ಮಂಡಿಯ ಹಳೆಯ ಪೆಟ್ಟು ಇವುಗಳಲ್ಲಿ ಯಾವುದಿದ್ದರೂ ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಇದರೊಂದಿಗೆ ರಕ್ತಹೀನತೆಯ ಬಗ್ಗೆಯೂ ಶಿಕ್ಷಕರು ತಪ್ಪದೆ ಯೋಚಿಸಬೇಕು. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಾದರೆ ಸ್ನಾಯುಗಳಿಗೆ ತಲುಪುವ ಆಮ್ಲಜನಕವೂ ಕಡಿಮೆ. ಅಂಥ ಹುಡುಗಿ ಅರ್ಧ ಸುತ್ತಿಗೇ ಏದುಸಿರು ಬಿಡುತ್ತಾಳೆ. ನಾವು ಅವಳನ್ನು ಸೋಮಾರಿ ಎನ್ನುತ್ತೇವೆ. ನಮ್ಮ ಗುಂಪಿನಲ್ಲಿ ಇಬ್ಬರಿಗೆ ಬೇಗ ಸುಸ್ತಾಗುವ ದೂರು ಇತ್ತು. ಇಬ್ಬರೂ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. ಒಬ್ಬರಿಗೆ ಕಬ್ಬಿಣಾಂಶದ ಮಾತ್ರೆ ಶುರುವಾಯಿತು, ಓಟ ಎರಡು ವಾರ ತಡವಾಗಿ ಶುರುವಾಯಿತು. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ನಿಜವಾಗಿ ನುಂಗುತ್ತಾರೆಯೇ ಎಂದು ನೋಡುವುದೂ ಓಟದ ಪಾಠದ ಭಾಗವೇ.

ಮೊದಲ ಕಲಿಕಾಂಶ: ಮಗ್ಗಿ ಹೇಳುವಷ್ಟು ಉಸಿರು

ಆರಂಭಿಕರಿಗೆ ‘ಓಡಿ’ ಎಂದರೆ ಅವರು ಬಸ್ಸು ಹಿಡಿಯಲು ಓಡುವಂತೆ ಓಡುತ್ತಾರೆ. ಅವರಿಗೆ ಗೊತ್ತಿರುವ ಓಟ ಅದೊಂದೇ. ಆ ವೇಗದಲ್ಲಿ ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕವನ್ನು ಹೃದಯ ಮತ್ತು ಶ್ವಾಸಕೋಶಗಳು ಹೊತ್ತಿಗೆ ಸರಿಯಾಗಿ ಪೂರೈಸಲಾರವು. ಒಂದೆರಡು ನಿಮಿಷಗಳಲ್ಲಿ ಉಸಿರು ಕಟ್ಟುತ್ತದೆ, ಕಾಲು ಭಾರವಾಗುತ್ತದೆ. ‘ನನ್ನ ಕೈಲಿ ಆಗುವುದಿಲ್ಲ’ ಎಂಬ ಹಳೆಯ ತೀರ್ಮಾನ ಮತ್ತೆ ಗಟ್ಟಿಯಾಗುತ್ತದೆ. ಅದೇ ವ್ಯಕ್ತಿ ವೇಗವನ್ನು ತಗ್ಗಿಸಿದರೆ ಆಮ್ಲಜನಕದ ಬೇಡಿಕೆ ಮತ್ತು ಪೂರೈಕೆ ಸರಿದೂಗುತ್ತವೆ, ಓಟ ಮುಂದುವರಿಯುತ್ತದೆ.

ಎಷ್ಟು ನಿಧಾನ ಎಂಬುದನ್ನು ತಿಳಿಯಲು ತರಬೇತುದಾರರು ಮಾತಿನ ಪರೀಕ್ಷೆಯನ್ನು ಬಳಸುತ್ತಾರೆ. ಓಡುತ್ತಾ ಮಾತನಾಡಲು ಸಾಧ್ಯವಾದರೆ ವೇಗ ಸರಿ. ನಾವು ಇದನ್ನು ಏಳರ ಮಗ್ಗಿಯಿಂದ ಮಾಡಿದೆವು. ಓಡುತ್ತಲೇ ಜೋರಾಗಿ ಮಗ್ಗಿ ಹೇಳಬೇಕು. ಒಂದೇ ಉಸಿರಿಗೆ ಎರಡು ಮೂರು ಸಾಲು ಹೇಳಲು ಬಂದರೆ ಸರಿಯಾದ ವೇಗ. ಏಳೊಂದ್ಲಿ ಏಳು ಎಂದು ಹೇಳಿ ಉಸಿರಿಗಾಗಿ ನಿಲ್ಲಬೇಕಾದರೆ ವೇಗ ಹೆಚ್ಚಾಯಿತು, ತಗ್ಗಿಸಬೇಕು. ಇದಕ್ಕೆ ಗಡಿಯಾರ ಬೇಡ, ಉಪಕರಣ ಬೇಡ. ಮುಖ್ಯವಾಗಿ, ಶಿಕ್ಷಕ ಹೇಳುವುದೂ ಬೇಡ. ಕಲಿಯುವವರೇ ತಮ್ಮ ವೇಗವನ್ನು ತಾವೇ ಅಳೆಯುತ್ತಾರೆ.

ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ರೂಪಿಸಿದ ಶ್ರಮದ ಮಾಪನವನ್ನೂ ಪರಿಚಯಿಸಿದೆ. ಅದರಲ್ಲಿ 6ರಿಂದ 20ರವರೆಗೆ ಅಂಕಗಳಿವೆ. 6 ಎಂದರೆ ವಿಶ್ರಾಂತಿ, 20 ಎಂದರೆ ಇನ್ನು ಸಾಧ್ಯವೇ ಇಲ್ಲ ಎನ್ನುವಷ್ಟು ಶ್ರಮ. ಅಂಕವನ್ನು ಹತ್ತರಿಂದ ಗುಣಿಸಿದರೆ ಆರೋಗ್ಯವಂತ ವಯಸ್ಕರ ನಾಡಿ ಬಡಿತಕ್ಕೆ ಸ್ಥೂಲವಾಗಿ ಹತ್ತಿರವಾಗುತ್ತದೆ. ಆರಂಭಿಕರು 11ರಿಂದ 13ರ ಒಳಗೆ ಇರಬೇಕು ಎಂದು ನಿಗದಿ ಮಾಡಿದೆವು. ಮೊದಲ ವಾರ ಹಲವರು 16, 17 ಎಂದರು. ಮಗ್ಗಿ ಶುರು ಮಾಡಿದ ಮೇಲೆ ಅಂಕ ತಾನಾಗಿ ಇಳಿಯಿತು. ಕೆಲವರು ಪಕ್ಕದವರು ನಡೆಯುವ ವೇಗದಲ್ಲೇ ಓಡುತ್ತಿದ್ದರು. ಅದಕ್ಕೂ ಓಟವೆಂದೇ ಹೆಸರು ಎಂದು ಎಲ್ಲರೂ ಒಪ್ಪಬೇಕಿತ್ತು. ಒಪ್ಪಿಸುವುದಕ್ಕೆ ಇಡೀ ಒಂದು ವಾರ ಹಿಡಿಯಿತು.

ವಾರವಾರದ ಯೋಜನೆ

ಪ್ರತಿ ದಿನವೂ 5 ನಿಮಿಷದ ಬಿರುಸು ನಡಿಗೆಯಿಂದ ಆರಂಭ, 5 ನಿಮಿಷದ ನಿಧಾನ ನಡಿಗೆಯಿಂದ ಮುಕ್ತಾಯ. ನಡುವಿನ ಭಾಗ ಹೀಗಿದೆ. ಪ್ರತಿ ಸಾಲಿನ ಕೊನೆಯಲ್ಲಿರುವುದು ಆ ದಿನ ಓಡುವ ಒಟ್ಟು ನಿಮಿಷ.

- 1ನೇ ವಾರ: 1 ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಎಂಟು ಸಲ. ಒಟ್ಟು ಓಟ 8.
- 2ನೇ ವಾರ: ಒಂದೂವರೆ ನಿಮಿಷ ಓಟ, 2 ನಿಮಿಷ ನಡಿಗೆ, ಆರು ಸಲ. ಒಟ್ಟು ಓಟ 9.
- 3ನೇ ವಾರ: ಒಂದೂವರೆ ನಿಮಿಷ ಓಟ, ಅಷ್ಟೇ ನಡಿಗೆ, 3 ನಿಮಿಷ ಓಟ, ಅಷ್ಟೇ ನಡಿಗೆ, ಎರಡು ಸಲ. ಒಟ್ಟು ಓಟ 9.
- 4ನೇ ವಾರ: 3 ನಿಮಿಷ ಓಟ, 2 ನಿಮಿಷ ನಡಿಗೆ, ನಾಲ್ಕು ಸಲ. ಒಟ್ಟು ಓಟ 12.
- 5ನೇ ವಾರ: 3, 5, 3, 5 ನಿಮಿಷ ಓಟ, ನಡುವೆ ಒಂದೂವರೆ, ಎರಡೂವರೆ, ಒಂದೂವರೆ ನಿಮಿಷ ನಡಿಗೆ. ಒಟ್ಟು ಓಟ 16.
- 6ನೇ ವಾರ: ಮೊದಲ ದಿನ 5 ನಿಮಿಷದ ಮೂರು ಓಟ, ನಡುವೆ 3 ನಿಮಿಷ ನಡಿಗೆ, ಒಟ್ಟು 15. ಎರಡನೇ ದಿನ 8 ನಿಮಿಷದ ಎರಡು ಓಟ, ನಡುವೆ 5 ನಿಮಿಷ ನಡಿಗೆ, ಒಟ್ಟು 16. ಮೂರನೇ ದಿನ ನಡಿಗೆ ಇಲ್ಲದೆ 20.
- 7ನೇ ವಾರ: ಮೊದಲ ದಿನ 5, 8, 5, ಎರಡನೇ ದಿನ 10, 10, ಎರಡೂ ದಿನ ನಡುವೆ 3 ನಿಮಿಷ ನಡಿಗೆ. ಮೂರನೇ ದಿನ ಒಂದೇ ಸಮನೆ 25.
- 8, 9, 10ನೇ ವಾರ: ಒಂದೇ ಸಮನೆ ಕ್ರಮವಾಗಿ 25, 28, 30.

ಮೂಲ ಕಾರ್ಯಕ್ರಮದಲ್ಲಿ ನಮ್ಮ ನಾಲ್ಕನೇ ವಾರ ಇಲ್ಲ. ಅದನ್ನು ಯಾಕೆ ಸೇರಿಸಿದೆವು ಎಂಬುದು ಪ್ರಶಿಕ್ಷಣಾರ್ಥಿಗಳಿಗೆ ಕೊಟ್ಟ ಒಂದು ಲೆಕ್ಕದಿಂದ ಹುಟ್ಟಿತು. ಯೋಜನೆಯ ಹಾಳೆಯನ್ನು ಅವರ ಕೈಗೆ ಕೊಟ್ಟು, “ಇದರಲ್ಲಿ ಅತಿ ಎತ್ತರದ ಮೆಟ್ಟಿಲು ಯಾವುದು ಹುಡುಕಿ” ಎಂದೆ. ಎಲ್ಲರೂ 20 ನಿಮಿಷದ ದಿನಕ್ಕೆ ಬೆರಳಿಟ್ಟರು. ಪ್ರತಿ ದಿನದ ಒಟ್ಟು ಓಟವನ್ನು ಕೂಡಿಸಲು ಹೇಳಿದಾಗ ಬೇರೆಯೇ ಚಿತ್ರ ಬಂತು. 20 ನಿಮಿಷದ ದಿನಕ್ಕೆ ಹಿಂದಿನ ದಿನ 16 ನಿಮಿಷ ಓಡಿ ಆಗಿರುತ್ತದೆ; ಹೆಚ್ಚುವುದು 4 ನಿಮಿಷ, ಇಲ್ಲವಾಗುವುದು ನಡುವಿನ ವಿಶ್ರಾಂತಿ. ಆದರೆ ಮೂಲ ಯೋಜನೆಯಲ್ಲಿ ಮೂರನೇ ವಾರದಿಂದ ಮುಂದಿನ ವಾರಕ್ಕೆ ಹೋಗುವಾಗ ಒಟ್ಟು ಓಟ 9ರಿಂದ ಒಮ್ಮೆಲೇ 16ಕ್ಕೆ ಏರುತ್ತದೆ, ಅಂದರೆ ಸುಮಾರು ಒಂದೂಮುಕ್ಕಾಲು ಪಟ್ಟು. ಕಣ್ಣಿಗೆ ದೊಡ್ಡದಾಗಿ ಕಂಡ ಮೆಟ್ಟಿಲು ಒಂದು, ಕಾಲಿಗೆ ದೊಡ್ಡದಾದ ಮೆಟ್ಟಿಲು ಇನ್ನೊಂದು. ಎರಡರ ನಡುವೆ 12 ನಿಮಿಷದ ಒಂದು ವಾರ ಸೇರಿಸಿದೆವು; ಘಟಕ ಹತ್ತು ವಾರದ್ದಾಯಿತು.

ಕಣ್ಣಿಗೆ ದೊಡ್ಡದಾಗಿ ಕಾಣುವ ಮೆಟ್ಟಿಲನ್ನೂ ಹಗುರವಾಗಿ ಕಾಣಬಾರದು. ಆರನೇ ವಾರದ ಮೂರನೇ ದಿನ ಆ ತಾಯಿ 12 ನಿಮಿಷಕ್ಕೆ ನಿಂತರು. ಮುಂದಿನ ವಾರ ಅವರು ಗುಂಪಿನೊಂದಿಗೆ ಸಾಗದೆ ಆರನೇ ವಾರವನ್ನೇ ಮತ್ತೆ ಮಾಡುವುದೆಂದು ತೀರ್ಮಾನವಾಯಿತು. “ನಾ ಹಿಂದ ಉಳದೆ ನೋಡ್ರಿ ಸರ” ಎಂದರು. ನಾನು ಉತ್ತರಿಸುವ ಮೊದಲೇ ಅವರ ಸಹಪಾಠಿ ಹೇಳಿದಳು: “ಹಿಂದ ಎಲ್ಲಿ ಉಳದೀರಿ ಅಕ್ಕಾ, ಅದ ಪಾಠಾ ಇನ್ನೊಮ್ಮೆ ಓದಾಕತ್ತೀರಿ ಅಷ್ಟ.” ಪರಿಹಾರ ಬೋಧನೆಯ ಬಗ್ಗೆ ನಾವು ಬರೆಸುವ ಟಿಪ್ಪಣಿಯನ್ನು ಆ ಹುಡುಗಿ ಒಂದು ವಾಕ್ಯದಲ್ಲಿ ಹೇಳಿಬಿಟ್ಟಳು. ಎರಡನೇ ಸಲ ಅವರು 20 ನಿಮಿಷ ಪೂರ್ತಿ ಓಡಿದರು, ಮೊದಲ ಸಲಕ್ಕಿಂತ ನಿಧಾನವಾಗಿ.

ಗುಂಪಿನ ನಿರ್ವಹಣೆ: ಹೋಗಿ ಬರುವ ಓಟ

ಹದಿನಾಲ್ಕು ಮಂದಿ ಒಂದೇ ವೇಗದಲ್ಲಿ ಓಡುವುದಿಲ್ಲ. ದೂರವನ್ನು ನಿಗದಿ ಮಾಡಿದರೆ ಚುರುಕಾದವರು ಮೊದಲು ಮುಗಿಸಿ ಕಟ್ಟೆಯ ಮೇಲೆ ಕುಳಿತು ಉಳಿದವರನ್ನು ನೋಡುತ್ತಾರೆ. ಕೊನೆಯವರಿಗೆ ಅದೇ ಹಳೆಯ ಏಳನೇ ಇಯತ್ತೆಯ ಅನುಭವ. ಇದನ್ನು ತಪ್ಪಿಸಲು ದೂರದ ಬದಲು ಸಮಯವನ್ನು ನಿಗದಿ ಮಾಡಿದೆವು. ಎಲ್ಲರೂ ಒಂದೇ ದಿಕ್ಕಿಗೆ ತಮ್ಮ ತಮ್ಮ ವೇಗದಲ್ಲಿ ಹೊರಡುತ್ತಾರೆ. ಅರ್ಧ ಸಮಯವಾದಾಗ ಸೀಟಿ ಊದಿದೊಡನೆ ಎಲ್ಲಿದ್ದರೋ ಅಲ್ಲಿಂದಲೇ ತಿರುಗುತ್ತಾರೆ. ಮುಂದೆ ಹೋದವರಿಗೆ ಹಿಂದಿರುಗುವ ದಾರಿ ಉದ್ದ, ಹಿಂದೆ ಇದ್ದವರಿಗೆ ಗಿಡ್ಡ. ಹೋದ ವೇಗದಲ್ಲೇ ಬಂದರೆ ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೆ ಬಂದು ಸೇರುತ್ತಾರೆ. ವೈಯಕ್ತಿಕ ಭಿನ್ನತೆಗೆ ಅನುಗುಣವಾದ ಬೋಧನೆ ಎಂದು ನಾವು ಬರೆಯುವುದು ಇಲ್ಲಿ ಒಂದು ಸೀಟಿಯಿಂದ ಸಾಧ್ಯವಾಗುತ್ತದೆ.

ಇದರಲ್ಲಿ ಇನ್ನೊಂದು ಲಾಭವೂ ಇದೆ. ಬರುವಾಗ ಹೊರಟ ಜಾಗಕ್ಕೆ ತಲುಪಲು ಹೆಚ್ಚು ಸಮಯ ಹಿಡಿದರೆ ಹೋಗುವಾಗ ವೇಗ ಹೆಚ್ಚಾಗಿತ್ತು ಎಂದರ್ಥ. ಶಿಕ್ಷಕ ಹೇಳುವ ಮೊದಲೇ ಕಲಿಯುವವರಿಗೆ ಹಿಮ್ಮಾಹಿತಿ ಸಿಗುತ್ತದೆ.

ಪ್ರತಿ ವಾರ ಇಬ್ಬರು ಪ್ರಶಿಕ್ಷಣಾರ್ಥಿಗಳು ಗುಂಪನ್ನು ನಡೆಸುತ್ತಿದ್ದರು. ಉಳಿದವರಲ್ಲಿ ಒಬ್ಬರು ವೀಕ್ಷಣಾ ಪತ್ರ ತುಂಬುತ್ತಿದ್ದರು. ವೀಕ್ಷಣಾ ಪತ್ರದಲ್ಲಿ ನಾನು ಇಟ್ಟ ಮೊದಲ ಪ್ರಶ್ನೆ: ನಾಯಕರು ಗುಂಪಿನಲ್ಲಿ ಎಲ್ಲಿ ಓಡುತ್ತಿದ್ದರು? ಮುಂದೆ ಓಡುವ ನಾಯಕರಿಗೆ ಹಿಂದೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಎರಡನೇ ವಾರದಿಂದ ಒಬ್ಬ ನಾಯಕ ಕೊನೆಯ ಓಟಗಾರರ ಜೊತೆಯಲ್ಲೇ ಇರಬೇಕೆಂಬ ನಿಯಮ ಬಂತು.

ದಣಿವು ಯಾವುದು, ನೋವು ಯಾವುದು

ಇದು ಸುರಕ್ಷತೆಯ ವಿಷಯವಾದ್ದರಿಂದ ಪ್ರತ್ಯೇಕ ಪಾಠವಾಗಿಯೇ ಕಲಿಸಬೇಕು. ಹೃದಯ ಮತ್ತು ಉಸಿರಾಟ ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಎಲುಬು ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಆದ್ದರಿಂದ ‘ಈಗ ಉಸಿರು ಚೆನ್ನಾಗಿದೆ, ದಿನವೂ ಓಡುತ್ತೇನೆ’ ಎನ್ನುವ ನಾಲ್ಕನೇ, ಐದನೇ ವಾರವೇ ಹೆಚ್ಚು ಅಪಾಯದ್ದು. ಎರಡು ಓಟಗಳ ನಡುವೆ ಒಂದು ದಿನ ಬಿಡುವು ಎಂಬ ನಿಯಮ ಇದಕ್ಕಾಗಿ.

ಓಡಿದ ಮರುದಿನ ಅಥವಾ ಅದರ ಮರುದಿನ ಎರಡೂ ತೊಡೆ, ಎರಡೂ ಮೀನಖಂಡ ಹಿಡಿದುಕೊಂಡಂತಾಗುವುದು ಸಹಜ, ನಡೆದಾಡಿದರೆ ಕಡಿಮೆಯಾಗುತ್ತದೆ. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ, ಓಡಿದಷ್ಟೂ ಹೆಚ್ಚಾಗುವ ನೋವು ಸಹಜವಲ್ಲ. ಕುಂಟುವಂತಾದರೆ ನಿಲ್ಲಿಸಬೇಕು. ನಮ್ಮಲ್ಲಿ ಒಬ್ಬರಿಗೆ ಮೊಣಕಾಲಿನ ಕೆಳಗಿನ ಮುಂದಿನ ಎಲುಬಿನಲ್ಲಿ ಇಂಥ ನೋವು ಬಂದು ಏಳನೇ ವಾರದಲ್ಲಿ ಬಿಟ್ಟರು. ಬಿಡುವ ನಿರ್ಧಾರವನ್ನು ಅವರೇ ತೆಗೆದುಕೊಂಡಿದ್ದು ಪಾಠ ತಲುಪಿತು ಎಂಬುದರ ಗುರುತು. ಪಕ್ಕೆ ಹಿಡಿದರೆ ನಡಿಗೆಗೆ ಇಳಿದು ಉಸಿರನ್ನು ಉದ್ದಕ್ಕೆ ಹೊರಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಎದೆ ಬಿಗಿತ, ಕಣ್ಣು ಕತ್ತಲೆ ಬರುವುದು, ತಲೆ ತಿರುಗುವುದು ಕಂಡರೆ ಓಟ ಅಲ್ಲಿಗೇ ಮುಗಿಯಿತು, ಆಸ್ಪತ್ರೆಗೆ ಕರೆದೊಯ್ಯಬೇಕು.

ರಸ್ತೆ, ಬಟ್ಟೆ, ಶೂ

ನಮ್ಮಲ್ಲಿ ವಾಹನಗಳು ಎಡಬದಿಯಲ್ಲಿ ಸಾಗುವುದರಿಂದ ಓಡುವವರು ರಸ್ತೆಯ ಬಲ ಅಂಚಿನಲ್ಲಿರಬೇಕು. ಎದುರು ಬರುವ ವಾಹನ ಕಣ್ಣಿಗೆ ಬೀಳುತ್ತದೆ. ಒಬ್ಬರ ಹಿಂದೆ ಒಬ್ಬರು, ತಿಳಿ ಬಣ್ಣದ ಬಟ್ಟೆ, ಕಿವಿಯಲ್ಲಿ ಹಾಡು ಬೇಡ. ಬೀದಿನಾಯಿ ಬೆನ್ನಟ್ಟಿದರೆ ಓಟ ನಿಲ್ಲಿಸಿ ನಡೆಯುವುದೇ ಒಳ್ಳೆಯದು.

ದುಬಾರಿ ಶೂ ಬೇಕಿಲ್ಲ. ಹಿಮ್ಮಡಿ ಜಾರದ, ಬೆರಳುಗಳ ಮುಂದೆ ಹೆಬ್ಬೆರಳಿನಗಲ ಜಾಗ ಉಳಿಯುವ, ಅಟ್ಟೆ ಸವೆಯದ ಶೂ ಸಾಕು. ಮಹಿಳೆಯರಲ್ಲಿ ಹೆಚ್ಚಿನವರು ಚೂಡಿದಾರದಲ್ಲೇ ಓಡಿದರು, ದುಪಟ್ಟಾವನ್ನು ಹಾಸ್ಟೆಲಿನಲ್ಲಿ ಬಿಟ್ಟು ಬಂದರು. ತಕ್ಕ ಒಳಉಡುಪು, ಮುಟ್ಟಿನ ದಿನಗಳು ಇವುಗಳ ಬಗ್ಗೆ ಮಾತನಾಡಲು ನಮ್ಮ ಮಹಿಳಾ ಸಹೋದ್ಯೋಗಿಯೊಬ್ಬರು ಒಂದು ಅವಧಿ ತೆಗೆದುಕೊಂಡರು. ಮುಟ್ಟಿನ ದಿನ ಓಡಬಾರದೆಂಬ ನಿಯಮವೇನೂ ಇಲ್ಲ, ಆರಾಮ ಎನಿಸಿದರೆ ಓಡಬಹುದು ಎಂಬುದೇ ಹಲವರಿಗೆ ಹೊಸ ತಿಳಿವಳಿಕೆ. ರಸ್ತೆಗೆ ಇಳಿದ ಮೊದಲ ದಿನ ಚಹಾದ ಅಂಗಡಿಯ ಮುಂದೆ ನಿಂತವರು ನಕ್ಕರು, ಒಬ್ಬರು ಕೂಗಿ ಏನೋ ಅಂದರು. ಗುಂಪಿನಲ್ಲಿ ಓಡುವುದರ ಬೆಲೆ ಅಂದು ತಿಳಿಯಿತು. ಒಂಟಿಯಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆ ಎಂದು ಇಬ್ಬರು ತಮ್ಮ ದಿನಚರಿಯಲ್ಲಿ ಬರೆದರು.

ಓಟದ ದಿನ

30 ನಿಮಿಷ ಓಡಲು ಬಂದರೆ 5 ಕಿ.ಮೀ. ಆಯಿತು ಎಂದಲ್ಲ. ಕಿಲೋಮೀಟರಿಗೆ 6 ನಿಮಿಷದಂತೆ ಓಡುವವರಿಗೆ ಮಾತ್ರ ಅದು ಸರಿ. ನಮ್ಮ ಗುಂಪಿನ ಹೆಚ್ಚಿನವರ ವೇಗ ಕಿಲೋಮೀಟರಿಗೆ 8 ನಿಮಿಷದ ಹತ್ತಿರ. 30 ನಿಮಿಷದಲ್ಲಿ 3.75 ಕಿ.ಮೀ. ಉಳಿದ 1.25 ಕಿ.ಮೀ.ಯನ್ನು ಕಿಲೋಮೀಟರಿಗೆ 10 ನಿಮಿಷದ ಬಿರುಸು ನಡಿಗೆಯಲ್ಲಿ ಮುಗಿಸಿದರೂ ಒಟ್ಟು ನಲವತ್ತೆರಡೂವರೆ ನಿಮಿಷ. ಈ ಲೆಕ್ಕವನ್ನು ಪ್ರತಿಯೊಬ್ಬರೂ ತಮ್ಮ ವೇಗಕ್ಕೆ ತಕ್ಕಂತೆ ಓಟದ ಹಿಂದಿನ ದಿನ ಮಾಡಿದರು. ಎಲ್ಲಿ ನಡೆಯಬೇಕೆಂದು ಮೊದಲೇ ಗೊತ್ತಿದ್ದರೆ ನಡೆಯುವುದು ಸೋಲಾಗುವುದಿಲ್ಲ, ಯೋಜನೆಯಾಗುತ್ತದೆ.

ಸೂಚನೆಗಳು ಕೆಲವೇ: ಹೊಸ ಶೂ, ಹೊಸ ಬಟ್ಟೆ ಬೇಡ. ಎರಡು ಗಂಟೆ ಮೊದಲು ಎರಡು ಇಡ್ಲಿ ಅಥವಾ ಬಾಳೆಹಣ್ಣು, ಸ್ವಲ್ಪ ನೀರು. ಸಂಖ್ಯೆಯ ಚೀಟಿಯನ್ನು ಎದೆಯ ಮೇಲೆ ನಾಲ್ಕು ಪಿನ್ನು ಹಾಕಿ ಕೂಡಿಸಬೇಕು. ಸಾಲಿನಲ್ಲಿ ಹಿಂದೆ ನಿಲ್ಲಬೇಕು. ಮೊದಲ ಕಿಲೋಮೀಟರಿನಲ್ಲಿ ಎಷ್ಟು ಜನ ದಾಟಿ ಹೋದರೂ ಮಗ್ಗಿ ಬಿಡಬಾರದು.

ನಗರದ ಆ ಓಟದಲ್ಲಿ ನಮ್ಮ ಹನ್ನೆರಡು ಮಂದಿ ಭಾಗವಹಿಸಿದರು, ಹನ್ನೆರಡೂ ಮಂದಿ ಮುಗಿಸಿದರು. ಒಂದು ವಾರ ಹೆಚ್ಚು ತೆಗೆದುಕೊಂಡಿದ್ದ ಆ ತಾಯಿ 28 ನಿಮಿಷ ಓಡಿ, ಉಳಿದದ್ದನ್ನು ಬಿರುಸಾಗಿ ನಡೆದು, 43 ನಿಮಿಷದಲ್ಲಿ ಗೆರೆ ದಾಟಿದರು. ಅವರ ಹಿಂದೆ ಇನ್ನೂ ಬಹಳ ಜನರಿದ್ದರು. ಅವರು ಹಿಂತಿರುಗಿ ನೋಡಲಿಲ್ಲ. ನಾನೂ ಅದನ್ನು ಹೇಳಲು ಹೋಗಲಿಲ್ಲ.

ಮೌಲ್ಯಮಾಪನ

ಆರನೇ ವಾರದವರೆಗೆ ಯಾರ ವೇಗವನ್ನೂ ಬರೆದುಕೊಳ್ಳಲಿಲ್ಲ. ರೂಪಣಾತ್ಮಕ ಮೌಲ್ಯಮಾಪನಕ್ಕೆ ಮೂರು ಅಂಶಗಳಿದ್ದವು: ಹಾಜರಾತಿ, ಮಗ್ಗಿ ಪರೀಕ್ಷೆ, ಹೋದ ಮತ್ತು ಬಂದ ಸಮಯದ ಹೋಲಿಕೆ. ಇದರ ಜೊತೆಗೆ ಓಟ ನಿಂತ ಕೂಡಲೇ ಮತ್ತು ಒಂದು ನಿಮಿಷದ ನಂತರ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ ದಿನಚರಿಯಲ್ಲಿ ಬರೆಯುತ್ತಿದ್ದರು. ವಾರಗಳು ಕಳೆದಂತೆ ಒಂದು ನಿಮಿಷದಲ್ಲಿ ನಾಡಿ ಹೆಚ್ಚು ಇಳಿಯತೊಡಗಿತು. ಪ್ರತಿಯೊಬ್ಬರೂ ತಮ್ಮ ಹಿಂದಿನ ವಾರದೊಂದಿಗೆ ಮಾತ್ರ ತಮ್ಮನ್ನು ಹೋಲಿಸಿಕೊಂಡರು.

ಘಟಕದ ನಿಜವಾದ ಮೌಲ್ಯಮಾಪನ ನನಗೆ ಸಿಕ್ಕಿದ್ದು ಮಾತ್ರ ಬೋಧನಾಭ್ಯಾಸದ ಶಾಲೆಯಲ್ಲಿ. ಅದೇ ತಾಯಿ ಎಂಟನೇ ತರಗತಿಗೆ ಸರಳ ಸಮೀಕರಣ ಪಾಠ ಮಾಡುತ್ತಿದ್ದರು. ಅವರ ಮೊದಲ ಯೋಜನೆಯಲ್ಲಿ ಎಕ್ಸ್‌ಗೆ 5 ಕೂಡಿಸಿದರೆ 12 ಎಂಬ ಲೆಕ್ಕದ ನಂತರ ನೇರವಾಗಿ ಎರಡೂ ಬದಿಯಲ್ಲಿ ಎಕ್ಸ್ ಇರುವ ಲೆಕ್ಕ ಬರುತ್ತಿತ್ತು. ಪಾಠಕ್ಕೆ ಮೊದಲು ಅವರೇ ಅದನ್ನು ತಿದ್ದಿ, ನಡುವೆ ಎಕ್ಸ್‌ನ ಎರಡರಷ್ಟಕ್ಕೆ 5 ಕೂಡಿಸಿದರೆ 13 ಎಂಬಂಥ ನಾಲ್ಕು ಲೆಕ್ಕಗಳನ್ನು ಸೇರಿಸಿದ್ದರು. ಅಂಚಿನಲ್ಲಿ ಬರೆದ ಟಿಪ್ಪಣಿ: “ಇಲ್ಲಿ 9ರಿಂದ 16ಕ್ಕೆ ಜಿಗಿತ ಇತ್ತು.” ಪಾಠಯೋಜನೆಯಲ್ಲಿ ಅಡಗಿದ ಜಿಗಿತವನ್ನು ಕಾಲಿನಲ್ಲಿ ಅನುಭವಿಸಿದವರು ಕಾಗದದ ಮೇಲೆಯೂ ಗುರುತಿಸಬಲ್ಲರು. ಪ್ರತಿಯೊಬ್ಬ ಶಿಕ್ಷಕನಿಗೂ ತನ್ನ ವಿಷಯ ಸುಲಭ. ಆ ಸುಲಭವೇ ಕಲಿಯುವವರ ಕಷ್ಟವನ್ನು ಮರೆಸುತ್ತದೆ. ತನಗೆ ಬಾರದ ಒಂದು ವಿಷಯವನ್ನು ಮೊದಲಿನಿಂದ ಕಲಿಯುವುದು ಈ ಮರೆವಿಗೆ ಒಳ್ಳೆಯ ಔಷಧ.

ಶಾಲೆಗೆ ಒಯ್ಯುವಾಗ

ಒಂಬತ್ತನೇ ತರಗತಿಗೆ ಇದೇ ಘಟಕವನ್ನು ಬಳಸುವಾಗ ಮೂರು ಬದಲಾವಣೆ ಬೇಕು. ಮಕ್ಕಳಿಗೆ 5 ಕಿ.ಮೀ. ಗುರಿ ಬೇಕೆಂದೇನಿಲ್ಲ, ಮೊದಲ ಐದು ವಾರಗಳನ್ನು ಮುಗಿಸಿ 2 ಕಿ.ಮೀ. ಓಡಿದರೆ ಸಾಕು, ಅದು 400 ಮೀಟರ್ ಸುತ್ತಿನ ಮೈದಾನದಲ್ಲಿ ಐದು ಸುತ್ತು. ವಾರದಲ್ಲಿ ದೈಹಿಕ ಶಿಕ್ಷಣದ ಅವಧಿ ಎಷ್ಟಿವೆಯೋ ಅದಕ್ಕೆ ತಕ್ಕಂತೆ ಯೋಜನೆಯನ್ನು ಹಿಗ್ಗಿಸಬೇಕು. ಅವಧಿ ಕಡಿಮೆ ಇದ್ದರೆ ಓಟವನ್ನು ಹೆಚ್ಚಿಸಿ ಸರಿದೂಗಿಸಬಾರದು. ಮಾರ್ಚ್ ತಿಂಗಳಿನಿಂದ ಬಿಸಿಲಿನ ಅವಧಿಯಲ್ಲಿ ಓಡಿಸಬಾರದು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿವ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಶಿಕ್ಷೆಯಾಗಿ ಕೊಟ್ಟರೆ ಶಾಲೆಯ ಗೇಟಿನಲ್ಲೇ ಮುಗಿಯುತ್ತದೆ.

ಪ್ರಶಿಕ್ಷಣಾರ್ಥಿಗಳಿಗೆ ಚಟುವಟಿಕೆ

1. ನಿಮ್ಮ ವಿಷಯದ ಯಾವುದಾದರೂ ಒಂದು ಘಟಕ ಯೋಜನೆಯನ್ನು ತೆಗೆದುಕೊಳ್ಳಿ. ಪ್ರತಿ ಅವಧಿಯಲ್ಲಿ ಮಕ್ಕಳಿಗೆ ಹೊಸದಾದ ಅಂಶಗಳನ್ನು ಎಣಿಸಿ ಪಟ್ಟಿ ಮಾಡಿ. 9ರಿಂದ 16ಕ್ಕೆ ಜಿಗಿಯುವ ಜಾಗ ಎಲ್ಲಿದೆ? ನಡುವೆ ಯಾವ ಮೆಟ್ಟಿಲು ಸೇರಿಸುವಿರಿ?
2. ಓಟದಲ್ಲಿ ಮಗ್ಗಿ ಇದ್ದಂತೆ, ನಿಮ್ಮ ತರಗತಿಯಲ್ಲಿ ಮಗುವೇ ತನ್ನ ವೇಗವನ್ನು ಅಳೆದುಕೊಳ್ಳಬಹುದಾದ ಒಂದು ಸರಳ ಪರೀಕ್ಷೆಯನ್ನು ರೂಪಿಸಿ.
3. ಚುರುಕಾದವರೂ ನಿಧಾನದವರೂ ಒಟ್ಟಿಗೆ ಮುಗಿಸುವ ಹೋಗಿ ಬರುವ ಓಟದಂಥ ಒಂದು ಚಟುವಟಿಕೆಯನ್ನು ಓದು, ಬರಹ ಅಥವಾ ಗಣಿತಕ್ಕೆ ಯೋಜಿಸಿ, ಸೂಕ್ಷ್ಮ ಬೋಧನೆಯಲ್ಲಿ ಮಾಡಿ ತೋರಿಸಿ.
4. ಪಾಠ ಮಾಡುವಾಗ ನೀವು ತರಗತಿಯ ಮುಂದೆ ಎಷ್ಟು ಹೊತ್ತು, ಹಿಂದಿನ ಸಾಲಿನ ಬಳಿ ಎಷ್ಟು ಹೊತ್ತು ಇದ್ದಿರಿ ಎಂದು ಸಹಪಾಠಿಯಿಂದ ಬರೆಸಿ ತನ್ನಿ.